ಅಮ್ಮಾಜಮ್ಮ ಮುಚ್ಚಿಟ್ಟ ಪಾದಗಳು

ಉರಿಗಾಂ ಚಿನ್ನದ ಗಣಿಯ ಕೂಲಿಕಾರರ ಲೈನು ಮನೆಗಳಲ್ಲಿ ಅಮ್ಮಾಜಮ್ಮನನ್ನು ಅರಿಯದವರಿರಲಿಲ್ಲ. ಗಂಡ ಕೋದಂಡಪ್ಪ ಗಣಿಯೊಳಗೆ ಇಳಿದು ದುಡಿಯುವವನು. ಆಕೆ ಗಾರೆ ಕೆಲಸಕ್ಕೆ ಹೋಗುತ್ತಿದ್ದಳು. ಗಾರೆ ಬಾಣಲಿ ಹೊರುವುದರಲ್ಲಾಗಲಿ, ಮಾತಿನಲ್ಲಾಗಲಿ ಯಾರಿಗೂ ಸೋಲುವವಳಲ್ಲ. ಒಬ್ಬಳೇ ಮಗಳು ನರಸಮ್ಮನನ್ನು ಬಂಗಾರಪೇಟೆಯ ಮುನಿಶಾಮಿಗೆ ಕೊಟ್ಟು ಎರಡು ವರ್ಷವಾಗಿತ್ತು. 1957ರ ಮೊದಲಲ್ಲೇ ಆ ಮಗಳು ಬಸುರಿಯಾದಳು. ತಿಂಗಳು ಕಳೆಯುವಷ್ಟರಲ್ಲಿ ಮೂವತ್ತೆಂಟು ವರ್ಷದ ತಾಯಿಯೂ ಬಸುರಿಯಾದಳು.

ಅಮ್ಮಾಜಮ್ಮ ಇದನ್ನು ಗಂಡನನ್ನು ಬಿಟ್ಟು ಬೇರೆ ಯಾರಿಗೂ ಹೇಳಲಿಲ್ಲ. ಅದಕ್ಕೊಂದು ಕಾರಣವಿತ್ತು. ಪಕ್ಕದ ಸಾಲಿನ ವೆಂಕಟರತ್ನಮ್ಮ ಮಗಳ ಮದುವೆಯಾದ ಮೇಲೆ ಹೆತ್ತಾಗ, ನಲ್ಲಿಯ ಹತ್ತಿರ ನಿಂತು ಎಲ್ಲರಿಗೂ ಕೇಳುವಂತೆ ನಕ್ಕವಳು ಇದೇ ಅಮ್ಮಾಜಮ್ಮ. ಅಳಿಯ ಬರುವ ಮನೆಯಲ್ಲಿ ತೊಟ್ಟಿಲು ಕಟ್ಟಿದ್ದಾಳಲ್ಲ, ಮಗಳ ಮುಖ ಹೇಗೆ ನೋಡುತ್ತಾಳೆ ಎಂದಿದ್ದಳು. ಈಗ ನೀರಿಗೆ ಜನವಿಲ್ಲದ ಹೊತ್ತು ನೋಡಿ ಹೋಗತೊಡಗಿದಳು. ಸೆರಗನ್ನು ಅಗಲವಾಗಿ ಹರಡಿ ಸುತ್ತಿಕೊಂಡಳು. ಯಾರಾದರೂ ಮೈ ಬಂದಿದೆಯಲ್ಲ ಎಂದರೆ ಹೊಟ್ಟೆ ಉಬ್ಬರ ಎನ್ನುತ್ತಿದ್ದಳು.

ಏಳನೇ ತಿಂಗಳಲ್ಲಿ ನರಸಮ್ಮ ಚೊಚ್ಚಲ ಹೆರಿಗೆಗೆ ತೌರಿಗೆ ಬಂದಳು. ಸಂಜೆಯಾದರೆ ಅವಳ ಪಾದ ಊದಿಕೊಂಡು ನೋಯುತ್ತಿತ್ತು. ಅಮ್ಮಾಜಮ್ಮ ಮಗಳನ್ನು ಚಾಪೆಯ ಮೇಲೆ ಮಲಗಿಸಿ, ಗೋಣಿಚೀಲ ಸುತ್ತಿ ಕಾಲಿನಡಿ ಇಟ್ಟು, ಬೆಚ್ಚಗಿನ ಹರಳೆಣ್ಣೆ ಸವರುತ್ತಿದ್ದಳು. ಹೆಚ್ಚು ಹೊತ್ತು ನಿಲ್ಲಬೇಡ, ಕಾಲು ಇಳಿಬಿಟ್ಟು ಕೂರಬೇಡ ಎಂದು ಗದರುತ್ತಿದ್ದಳು. ಅವಳ ಕಾಲೇ ಮಗಳ ಕಾಲಿಗಿಂತ ಹೆಚ್ಚು ಊದಿತ್ತು. ಕಾಲುಂಗುರ ಬೆರಳಿಗೆ ಕಚ್ಚಿಕೊಂಡು ನೋಯುತ್ತಿತ್ತು. ಕೂತರೆ ಸೀರೆಯ ಅಂಚನ್ನು ಎಳೆದು ಪಾದ ಮುಚ್ಚಿಕೊಳ್ಳುತ್ತಿದ್ದಳು. ಕೋದಂಡಪ್ಪ ಒಮ್ಮೆ ಆಸ್ಪತ್ರೆಗೆ ಹೋಗೋಣ ಎಂದ. ಅವನಿಗೂ ಅಳಿಯನ ಮುಂದೆ ತಲೆಯೆತ್ತಲು ನಾಚಿಕೆ. ಅವಳು ಬೇಡವೆಂದ ಮೇಲೆ ಅವನು ಮತ್ತೆ ಕೇಳಲಿಲ್ಲ.

ಒಂದು ತಿಂಗಳು ಹೀಗೆ ಕಳೆಯಿತು. ಆಮೇಲೆ ಬೆಳಿಗ್ಗೆ ಎದ್ದಾಗಲೇ ಅಮ್ಮಾಜಮ್ಮನ ಮುಖ, ಕೈ ಊದಿರುತ್ತಿತ್ತು. ತಲೆ ಸಿಡಿಯುತ್ತಿತ್ತು. ಒಲೆಯ ಮುಂದೆ ಕೂತರೆ ಕಣ್ಣು ಮಂಜಾಗುತ್ತಿತ್ತು. ಹೊಗೆಗೆ ಹೀಗಾಗುತ್ತದೆ ಎಂದುಕೊಂಡಳು.

ಆ ವಾರ ಮಗಳನ್ನು ತೋರಿಸಲು ಹೆರಿಗೆ ಆಸ್ಪತ್ರೆಗೆ ಕರೆದೊಯ್ದಳು. ಅಲ್ಲಿನ ನರ್ಸು ಮಾರಿಯಮ್ಮ ನರಸಮ್ಮನ ಪಾದ ಒತ್ತಿ ನೋಡಿದಳು. ಸಂಜೆ ಊದಿ ಬೆಳಿಗ್ಗೆ ಇಳಿದರೆ ಹೆದರಬೇಡ, ಎಡ ಮಗ್ಗುಲಲ್ಲಿ ಮಲಗು, ಕಾಲು ಎತ್ತರಕ್ಕಿಡು ಎಂದಳು. ಹಾಗೆನ್ನುತ್ತಲೇ ಗೋಡೆಗೆ ಒರಗಿ ಕೂತಿದ್ದ ತಾಯಿಯ ಮುಖ ನೋಡಿದಳು. ಬಂದು ಬಗ್ಗಿ, ಸೀರೆಯ ಅಂಚು ಸರಿಸಿ, ಕಣಕಾಲಿನ ಮೇಲೆ ಹೆಬ್ಬೆರಳು ಒತ್ತಿದಳು. ಒತ್ತಿದ ಕಡೆ ಗುಳಿ ಬಿದ್ದು ಹಾಗೇ ಉಳಿಯಿತು.

"ಎಷ್ಟು ತಿಂಗಳಮ್ಮ ನಿನಗೆ?"

ಬೆಂಚಿನ ತುಂಬ ಹೆಂಗಸರಿದ್ದರು. ಅಮ್ಮಾಜಮ್ಮ ನೆಲ ನೋಡಿದಳು. "ನಾನು ಮಗಳ್ನ ತೋರ್ಸೋಕೆ ಬಂದಿವ್ನಿ. ನನ್ ಎಸ್ರು ಬರೀಬೇಡವ್ವ," ಎಂದಳು.

ನರಸಮ್ಮನಿಗೆ ಆಗ ಅರ್ಥವಾಯಿತು. ಅವಳು ತಾಯಿಯ ಪಕ್ಕ ಕಷ್ಟಪಟ್ಟು ಕೂತು ಆ ಪಾದಗಳನ್ನು ಮುಟ್ಟಿದಳು. "ದಿನಾ ನನ್ ಕಾಲು ತಿಕ್ತಿದ್ದಲ್ಲಮ್ಮ. ನಿಂದ್ಯಾಕೆ ಯೋಳ್ಲಿಲ್ಲ?" ಎಂದಳು. ಅಮ್ಮಾಜಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಅಮ್ಮಾಜಮ್ಮನ ರಕ್ತದ ಒತ್ತಡ ಮೇಲೇರಿತ್ತು. ಇನ್ನೊಂದು ವಾರ ಬಿಟ್ಟಿದ್ದರೆ ಫಿಟ್ಸ್ ಬಂದು ತಾಯಿ, ಮಗು ಇಬ್ಬರೂ ಉಳಿಯುತ್ತಿರಲಿಲ್ಲವೇನೋ ಎಂದು ಡಾಕ್ಟರಮ್ಮ ಕೋದಂಡಪ್ಪನಿಗೆ ಹೇಳಿದರು. ಅವಳನ್ನು ಅಂದೇ ಆಸ್ಪತ್ರೆಗೆ ಸೇರಿಸಿಕೊಂಡರು. ಮೂರು ವಾರ, ಫಿಟ್ಸ್ ಬಾರದಿರಲೆಂದು ಕತ್ತಲೆ ಮಾಡಿದ ಕೋಣೆಯಲ್ಲಿ, ಉಪ್ಪಿಲ್ಲದ ಗಂಜಿ ಕುಡಿದು ಎಡ ಮಗ್ಗುಲಾಗಿ ಮಲಗಿದಳು. ತುಂಬು ಬಸುರಿ ಮಗಳು ಒಂದು ಕೈಯಲ್ಲಿ ಸೊಂಟ ಹಿಡಿದುಕೊಂಡು, ಇನ್ನೊಂದರಲ್ಲಿ ಗಂಜಿ ತರುತ್ತಿದ್ದಳು. ಅವಳು ಬಾಗಿಲಲ್ಲಿ ಕಂಡರೆ ತಾಯಿ ಗೋಡೆಯ ಕಡೆ ತಿರುಗುತ್ತಿದ್ದಳು.

ತಿಂಗಳು ತುಂಬುವ ಮೊದಲೇ ಹೆಣ್ಣು ಮಗು ಹುಟ್ಟಿತು. ಅಶ್ವತ್ಥಮ್ಮ ಎಂದು ಹೆಸರಿಟ್ಟರು. ಅದಾದ ಹನ್ನೆರಡು ದಿನಕ್ಕೆ ನರಸಮ್ಮ ಗಂಡು ಹೆತ್ತಳು. ಇಬ್ಬರು ಬಾಣಂತಿಯರಿಗೂ ನೀರು ಹಾಕಲು ಬಂದವಳು ವೆಂಕಟರತ್ನಮ್ಮ. ಯಾರೂ ಕರೆದಿರಲಿಲ್ಲ. ಹಳೆಯ ಮಾತನ್ನು ಅವಳು ಎತ್ತಲೇ ಇಲ್ಲ. ಅದಕ್ಕೇ ಅಮ್ಮಾಜಮ್ಮನಿಗೆ ಅವಳ ಕಣ್ಣು ನೋಡಲು ಹೆಚ್ಚು ಕಷ್ಟವಾಯಿತು.

ಕಿರಿಯ ಮಗಳು ಬೆಳೆದಳು, ಆದರೆ ಆ ನಾಚಿಕೆ ಸಾಯಲಿಲ್ಲ. 1964ರಲ್ಲಿ ಏಳು ವರ್ಷದ ಅಶ್ವತ್ಥಮ್ಮನನ್ನು ಕರೆದುಕೊಂಡು ಅಮ್ಮಾಜಮ್ಮ ರೈಲಿನಲ್ಲಿ ಬಂಗಾರಪೇಟೆಗೆ ಹೊರಟಿದ್ದಳು. ಕೋರಮಂಡಲ್ ಸ್ಟೇಷನ್ನಿನಲ್ಲಿ ಹತ್ತಿದ ಒಬ್ಬ ಹೆಂಗಸು ಎದುರಿಗೆ ಕೂತು, ಅವಳ ನರೆಗೂದಲು ನೋಡಿ, ಮೊಮ್ಮಗಳಾ ಎಂದು ಕೇಳಿದಳು. ಅಮ್ಮಾಜಮ್ಮ ಊಂ ಎಂದುಬಿಟ್ಟಳು.

ಹುಡುಗಿ ತಾಯಿಯ ತೊಡೆಯ ಮೇಲಿದ್ದ ಕೈಯನ್ನು ಎತ್ತಿ ತನ್ನ ಮಡಿಲಲ್ಲಿ ಇಟ್ಟುಕೊಂಡಳು. ಬಂಗಾರಪೇಟೆಯಲ್ಲಿ ಇಳಿದ ಮೇಲೆ ಮೆಲ್ಲಗೆ ಕೇಳಿದಳು: "ನಾನು ನಿನ್ ಮಗಳಾದ್ರೆ ತಪ್ಪಾ?"

ಅಮ್ಮಾಜಮ್ಮನ ಕಾಲು ಅಲ್ಲೇ ನಿಂತಿತು. ಆ ಹೆಂಗಸು ಬುಟ್ಟಿ ಹೊತ್ತು ಗೇಟಿನ ಹತ್ತಿರ ಹೋಗಿಯಾಗಿತ್ತು. ಮಗಳ ಕೈ ಹಿಡಿದು, ಜನರ ನಡುವೆ ನುಗ್ಗಿ, ಏದುಸಿರು ಬಿಡುತ್ತ ಅವಳ ಮುಂದೆ ಹೋಗಿ ನಿಂತಳು. "ಅಮ್ಮಯ್ಯ, ಆಗ ಸುಳ್ಳು ಯೋಳ್ದೆ. ಇವ್ಳು ನನ್ ಮೊಮ್ಮಗಳಲ್ಲ. ನನ್ ಮಗಳು, ನಾನೇ ಎತ್ತಿದ್ದು," ಎಂದಳು.

ಆ ಹೆಂಗಸಿಗೆ ಏನೂ ತಿಳಿಯಲಿಲ್ಲ. ಇಬ್ಬರನ್ನೂ ಒಮ್ಮೆ ನೋಡಿ, ಸರಿ ಬಿಡಮ್ಮ ಎಂದು ಗೇಟು ದಾಟಿದಳು. ಪಕ್ಕದಲ್ಲಿದ್ದ ಇಬ್ಬರು ತಿರುಗಿ ನೋಡಿದರು. ಅಮ್ಮಾಜಮ್ಮನ ಮುಖ ಉರಿಯುತ್ತಿತ್ತು. ಮಗಳ ಮುಖ ನೋಡುವ ಧೈರ್ಯ ಬರುವ ತನಕ ಅಲ್ಲೇ ನಿಂತಿದ್ದು, ಆಮೇಲೆ ನರಸಮ್ಮನ ಮನೆಯ ಕಡೆ ನಡೆದಳು.