ಏಡಿಯ ದಾರಿ, ಪಡುವಣ ಬಾಗಿಲು

ಮೂರು ವರ್ಷದ ಹಿಂದಿನ ಮಾತು. ಸಂಗ್ರಹಾಲಯಗಳಿಗೆ ಗೋಡೆಚಿತ್ರ ಬರೆಯುವ ಕಲಾವಿದನಾಗಿ ಊರೂರು ಸುತ್ತಿದ ನನಗೆ, ಕೊನೆಗೂ ನನ್ನದೇ ತಾಲೂಕಿನ ಕೆಲಸವೊಂದು ಸಿಕ್ಕಿತು. ಕಾರವಾರದ ಕಡಲ ದಂಡೆಗೆ ಹೊಂದಿಕೊಂಡು ಹೊಸದಾಗಿ ಎದ್ದಿದ್ದ ಚಿಕ್ಕ ಸಂಗ್ರಹಾಲಯ ಅದು. ಅದರ ದೊಡ್ಡ ಕೋಣೆಯ ಪಡುವಣ ಗೋಡೆ ನಲವತ್ತೆರಡು ಅಡಿ ಉದ್ದ, ಹದಿನಾಲ್ಕು ಅಡಿ ಎತ್ತರ. ನಿಸರ್ಗದಲ್ಲಿ ಕಾಣುವ ವಿನ್ಯಾಸವೊಂದನ್ನು ಅದರ ತುಂಬ ಬರೆಯಬೇಕಿತ್ತು. ಅದೇ ತಾಲೂಕಿನ ಹಣಕೋಣದಲ್ಲಿ ಹುಟ್ಟಿ ಬೆಳೆದವನು ನಾನು. ಆ ಗೋಡೆ ಬೇರೆಯವರ ಪಾಲಾಗಿದ್ದರೆ ಹೊಟ್ಟೆಕಿಚ್ಚಿಗೆ ನನಗೆ ಅನ್ನ ಸೇರುತ್ತಿರಲಿಲ್ಲ.

ವಿನ್ಯಾಸ ಹುಡುಕುತ್ತ ಒಂದು ಮುಂಜಾನೆ ಅಂಕೋಲೆ ಕಡೆಯ ಹಾರವಾಡದ ದಂಡೆಗೆ ಹೋದೆ. ಇಳಿತದ ಹೊತ್ತು. ಒದ್ದೆ ಮರಳಿನ ಮೇಲೆ ಕೊತ್ತಂಬರಿ ಕಾಳಿನಷ್ಟು ಸಣ್ಣ ಮರಳಿನ ಉಂಡೆಗಳು ಕಣ್ಣು ಹಾಯುವಷ್ಟು ದೂರ ಹರಡಿದ್ದವು. ಪ್ರತಿಯೊಂದು ಬಿಲದ ಸುತ್ತ ಅವು ವೃತ್ತಾಕಾರದಲ್ಲಿ ಸಾಲುಸಾಲಾಗಿ ಅರಳಿಕೊಂಡಿದ್ದವು. ಉಗುರಿನಷ್ಟು ಪುಟ್ಟ ಏಡಿಗಳು ಮರಳನ್ನು ಬಾಯಿಗೆ ಹಾಕಿಕೊಂಡು, ಅದರಲ್ಲಿನ ಆಹಾರ ತಿಂದು, ಉಳಿದುದನ್ನು ಉಂಡೆ ಮಾಡಿ ಎಸೆಯುತ್ತವೆ. ಭರತ ಬಂದು ನೀರೇರಿದರೆ ಎಲ್ಲವೂ ಅಳಿಸಿಹೋಗುತ್ತದೆ. ಮುಂದಿನ ಇಳಿತಕ್ಕೆ ಅವು ಮತ್ತೆ ಮೊದಲಿನಿಂದ ಶುರು ಮಾಡುತ್ತವೆ. ಮಂಜು ಕರಗಿತು, ಬಿಸಿಲು ಬಂತು, ದೋಣಿಗಳು ದಡಕ್ಕೆ ಮರಳಿದವು. ನಾನು ನಿಂತೇ ಇದ್ದೆ. ನೀರು ಪಾದಕ್ಕೆ ತಾಗಿದಾಗಲೇ ಎಚ್ಚರವಾದದ್ದು.

ತೆಗೆದ ಫೋಟೋಗಳನ್ನು ಕಂಪ್ಯೂಟರಿನಲ್ಲಿ ತಿದ್ದಿ ನಕ್ಷೆ ಮಾಡಿದೆ. ಪ್ರತಿ ವೃತ್ತದಲ್ಲೂ ಒಂದು ಕಡೆ, ಹೊರಗಿನಿಂದ ಬಿಲದವರೆಗೆ, ಉಂಡೆಯಿಲ್ಲದ ಖಾಲಿ ಗೆರೆಯೊಂದಿತ್ತು. ಯಾರೋ ಕಡ್ಡಿಯಿಂದ ಗೀರಿರಬೇಕು ಎಂದುಕೊಂಡು ಒಂದೂ ಬಿಡದೆ ತುಂಬಿಸಿದೆ. ಆಮೇಲೆ ನಕ್ಷೆಯ ಮೇಲೆ ಗ್ರಿಡ್ ಹಾಕಿದೆ. ಅಂದರೆ ಕಾಗದದಲ್ಲೂ ಗೋಡೆಯಲ್ಲೂ ಚೌಕಗಳನ್ನು ಎಳೆದು, ಕಾಗದದ ಒಂದಂಗುಲವನ್ನು ಗೋಡೆಯ ಒಂದಡಿಗೆ ಹಿಗ್ಗಿಸುವುದು.

ಅಡ್ಡಿಯಾದದ್ದು ಒಂದು ಬಾಗಿಲು. ಗೋಡೆಯ ಬಲಭಾಗದಲ್ಲಿ, ನನ್ನ ಅತಿ ದೊಡ್ಡ ವೃತ್ತ ಬರುವಲ್ಲೇ, ದಂಡೆಯ ಕಡೆಗೆ ತೆರೆಯುವ ಕಿರಿದಾದ ಕಪ್ಪು ಬಾಗಿಲಿತ್ತು. ತುರ್ತು ನಿರ್ಗಮನಕ್ಕೆ ಬೇರೆ ದೊಡ್ಡ ಬಾಗಿಲು ಇತ್ತು. ಹಾಗಾಗಿ ಇದನ್ನು ಕಟ್ಟಿ ಮುಚ್ಚಿಸಿ ಎಂದು ಸಂಗ್ರಹಾಲಯದ ಮುಖ್ಯಸ್ಥೆ ಶರ್ಮಿಳಾ ಮೇಡಂಗೆ ಗಂಟುಬಿದ್ದೆ.

“ಇರಲಿ ಬಿಡಿ ಮಾಸ್ತರ್ರೆ, ಒಂದು ಬಾಗಿಲು ತಾನೆ?” ಎಂದರು ಅವರು.

“ಬಾಗಿಲು ಇರಬೇಕು, ಇಲ್ಲ ನಾನಿರಬೇಕು,” ಎಂದುಬಿಟ್ಟೆ. ಮೂಗಿನ ತುದಿಯ ಕೋಪ ನನ್ನ ಹಳೆಯ ಕಾಯಿಲೆ. ಅವರು ನಿಟ್ಟುಸಿರು ಬಿಟ್ಟು ಒಪ್ಪಿಕೊಂಡರು. ಬಾಗಿಲ ಹೊರಗೆ ಗೋಡೆ ಕಟ್ಟುವ ಚಿರೆಕಲ್ಲುಗಳು ಬಂದು ಬಿದ್ದವು. ಸೋಮವಾರ ಅವನ್ನು ಕಟ್ಟಲು ಗವಂಡಿ ಬರುವುದೆಂದು ನಿಕ್ಕಿಯಾಯಿತು.

ಅಷ್ಟರೊಳಗೆ ಬಾಗಿಲ ಅಂಚಿನವರೆಗೂ ಬರೆದು ಮುಗಿಸಿದ್ದೆ. ಆ ದಿನಗಳು ಈಗಲೂ ಅರೆನಿದ್ದೆಯಲ್ಲಿ ಕಳೆದಂತೆಯೇ ನೆನಪಾಗುತ್ತವೆ. ಗೋಡೆಗೆ ಒದ್ದೆ ಮರಳಿನ ಬಣ್ಣ; ಅದರ ಮೇಲೆ ಒಂದೊಂದೇ ಬಿಳಿ ಉಂಡೆ. ಹೊರಗೆ ಅಲೆ ಬಂದು ಹೋಗುವ ಸದ್ದು. ಕುಂಚ ಅದೇ ಲಯಕ್ಕೆ ಏಳುತ್ತಿತ್ತು, ಇಳಿಯುತ್ತಿತ್ತು. ಮಧ್ಯಾಹ್ನದ ಬೆಳಕು ನೀರಿಗೆ ಬಡಿದು ಚಾವಣಿಯಲ್ಲಿ ಅಲ್ಲಾಡುವಾಗ, ನಾನು ಅಟ್ಟಣಿಗೆಯ ಮೇಲಿದ್ದೇನೋ ಹಾರವಾಡದ ದಂಡೆಯಲ್ಲಿದ್ದೇನೋ ಎಂದು ಮರೆತುಹೋಗುತ್ತಿತ್ತು. ಅಷ್ಟು ಸುಖವನ್ನು ನಾನು ಬೇರೆ ಯಾವ ಗೋಡೆಯೆದುರೂ ಕಂಡಿಲ್ಲ.

ಶನಿವಾರ, ನೆಲ ಒರೆಸುವ ಹೊನ್ನಕ್ಕ ಬಕೆಟ್ ಕೆಳಗಿಟ್ಟು ಗೋಡೆಯನ್ನೇ ನೋಡುತ್ತ ನಿಂತಳು. ಹಾರವಾಡದ ರೈತಾಪಿ ಮನೆಯವಳು, ದಿನಾ ಬಸ್ಸಿಗೆ ಬರುವವಳು. ಅದುವರೆಗೆ ನನ್ನೊಡನೆ ಹತ್ತು ಮಾತೂ ಆಡಿದವಳಲ್ಲ. ಹೊಗಳುತ್ತಾಳೆಂದು ಕಾದೆ.

“ಚಂದ ಅದೆ ಮಾಸ್ತರ್ರೆ. ಆದ್ರೆ ಈ ಏಡಿ ಎಲ್ಲಾ ಸಾಯ್ತವೆ.”

“ಯಾಕೆ?”

“ಮನಿಗೆ ಹೋಗೂಕೆ ದಾರಿ ಎಲ್ಲದೆ? ಏಡಿ ಉಂಡೆ ಮಾಡೂಕರೆ ಒಂದ್ ದಾರಿ ಖಾಲಿ ಬಿಟ್ಕಂಡೇ ಮಾಡೂದು. ಹಕ್ಕಿ ಬಂತು ಅಂದ್ರೆ ಸೀದಾ ಬಿಲಕ್ಕೆ ಓಡೂಕೆ ಬೇಕಲ್ಲಾ? ನೀವು ದಾರಿನೂ ಮುಚ್ಚೀರಿ.”

ಮೂಲ ಫೋಟೋ ತೆರೆದು ನೋಡಿದೆ. ಕಡ್ಡಿಯ ಗೀರೆಂದು ನಾನು ಅಳಿಸಿದ್ದ ಗೆರೆಗಳೇ ಆ ದಾರಿಗಳು. ಮೂವತ್ತು ವರ್ಷ ಅನುಭವದ ಕಲಾವಿದ ನಾನು, ಒಂದು ದಂಡೆಯ ಏಡಿಗಳನ್ನೆಲ್ಲ ಮನೆಯ ಹೊರಗೇ ನಿಲ್ಲಿಸಿದ್ದೆ.

“ನೀ ಯಾವಾಗ ಇಷ್ಟು ನೋಡಿದೆ ಹೊನ್ನಕ್ಕ?” ಎಂದು ಕೇಳಿದೆ.

“ಊಟದ ಹೊತ್ತಿಗೆ. ದಿನಾ ಈ ಬಾಗ್ಲಿಂದೇ ಹೋಗಿ ಆಚಿಗೆ ಕುಂತ್ಕಣ್ತೆ. ನೀರಿನ ನಲ್ಲಿನೂ ಅಲ್ಲೇ ಅದೆ.” ಮೆಲ್ಲಗೆ ಸೇರಿಸಿದಳು: “ಸೋಮಾರದಿಂದ ಬಿಲ್ಡಿಂಗ್ ಸುತ್ತು ಹಾಕ್ಕಂಡ್ ನೀರು ತರೂಕೆ ಬೇಕು.”

ಬಕೆಟ್ ಎತ್ತಿಕೊಂಡು ಹೋಗಿಬಿಟ್ಟಳು. ಆ ಬಾಗಿಲು ಯಾರದೆಂದು ನಾನು ಯಾರನ್ನೂ ಕೇಳಿರಲಿಲ್ಲ. ತುಂಬ ನಾಚಿಕೆಯಾಯಿತು.

ಮೇಡಂ ಬಳಿ ಹೋಗಿ ಬಾಗಿಲು ಇರಲಿ ಎಂದೆ. “ಹಾಗಾದರೆ ನೀವು ಹೊರಟಿರಾ?” ಎಂದು ಅವರು ನಗದೆ ಕೇಳಿದರು. ಕೆಣಕಲು ಅವರಿಗೆ ಪೂರ್ತಿ ಹಕ್ಕಿತ್ತು. ತಪ್ಪು ಒಪ್ಪಿಕೊಂಡು, ಇನ್ನೂ ಹದಿನೈದು ದಿನ ಬೇಡಿ ಪಡೆದೆ. ಪ್ರತಿ ವೃತ್ತದಲ್ಲೂ ಒಂದು ಸಾಲು ಉಂಡೆಗಳ ಮೇಲೆ ಮರಳಿನ ಬಣ್ಣ ಬಳಿದು ದಾರಿ ಬಿಡಿಸಿದೆ. ದೊಡ್ಡ ವೃತ್ತಕ್ಕೆ ಆ ಕಪ್ಪು ಬಾಗಿಲೇ ಬಿಲವಾಯಿತು. ಅದರ ಸುತ್ತ ಉಂಡೆಗಳು ಅರಳಿಕೊಂಡವು, ನಡುವೆ ಒಂದು ಅಗಲವಾದ ದಾರಿ ಗೋಡೆಯಂಚಿನಿಂದ ಬಾಗಿಲವರೆಗೆ ಬಂತು. ಮೊದಲ ನಕ್ಷೆಗಿಂತ ಇದು ಎಷ್ಟೋ ಚೆನ್ನಾಗಿತ್ತೆಂದು ಹೇಳಲು ನನಗೀಗ ಸಂಕೋಚವಿಲ್ಲ.

ಉದ್ಘಾಟನೆಯ ದಿನ ಭಾಷಣ ಮುಗಿದ ಮೇಲೆ ಹೊನ್ನಕ್ಕನ ಬಳಿ ಹೋಗಿ, “ನಿಜ ಹೇಳು, ಅವತ್ತು ನೀನು ಮಾತಾಡಿದ್ದು ಏಡಿಗಾಗಿಯೋ ನಿನಗಾಗಿಯೋ?” ಎಂದೆ.

ಸೆರಗು ಬಾಯಿಗೆ ಹಿಡಿದು ನಕ್ಕಳು. “ನನ್ ಸಲವಾಗಿ ಕೇಳಿದ್ರೆ ನೀವು ಬಾಗ್ಲು ಬಿಡ್ತಿದ್ರಾ?”

ಅಂದಿನಿಂದ ಹೊಸ ಗೋಡೆ ಒಪ್ಪಿಕೊಳ್ಳುವ ಮುನ್ನ ಅದರೆದುರು ಒಂದಿಡೀ ದಿನ ಸುಮ್ಮನೆ ಕೂರುತ್ತೇನೆ, ಅಲ್ಲಿ ಯಾರು ಬರುತ್ತಾರೆ, ಯಾರು ಹೋಗುತ್ತಾರೆ ಎಂದು ನೋಡುತ್ತ. ಕಳೆದ ತಿಂಗಳು ಮತ್ತೆ ಕಾರವಾರಕ್ಕೆ ಹೋಗಿದ್ದೆ. ಮಧ್ಯಾಹ್ನದ ಹೊತ್ತು, ಪಡುವಣ ಬಾಗಿಲು ತೆರೆದಿತ್ತು. ಅದನ್ನು ಮುಚ್ಚಲೆಂದು ನಾನು ತರಿಸಿದ್ದ ಚಿರೆಕಲ್ಲುಗಳನ್ನು ಹೊರಗೆ ಯಾರೋ ಕಟ್ಟೆಯ ಹಾಗೆ ಜೋಡಿಸಿದ್ದರು. ಹೊನ್ನಕ್ಕ ಅದರ ಮೇಲೆ ಕಡಲಿಗೆ ಮುಖ ಮಾಡಿ ಕೂತು ಊಟ ಮಾಡುತ್ತಿದ್ದಳು.