ಮೂರು ದಿನ ತೆರೆಯದ ಕಿಟಕಿ

ಆಗೆಲ್ಲ ಮೆಣಸಿನಕಾಯಿ ಸುಗ್ಗಿ ಬಂತೆಂದರೆ ಬ್ಯಾಡಗಿಯ ನಮ್ಮ ಓಣಿಯಲ್ಲಿ ಸೀನದವರೇ ಇರಲಿಲ್ಲ. ಘಾಟು ಒಳಗೆ ಬರಬಾರದೆಂದು ಹಗಲೆಲ್ಲ ಕಿಟಕಿ ಮುಚ್ಚಿರುತ್ತಿತ್ತು. ಆ ವರ್ಷ ನನಗೆ ಒಂಬತ್ತು. ಪೇರಲ ಗಿಡದಿಂದ ಬಿದ್ದು ಕಾಲು ಮುರಿದುಕೊಂಡಿದ್ದೆ, ತೊಡೆಯವರೆಗೂ ಪ್ಲಾಸ್ಟರ್. ಅವ್ವ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೆಲಸಕ್ಕೆ ಹೊರಟಾಗ ಹೊರಗಿನಿಂದ ಚಿಲಕ ಹಾಕಿಕೊಂಡು ಹೋಗುತ್ತಿದ್ದಳು. ಒಳಗೆ ಮಂಚ, ಗೋಡೆ, ತುರಿಸಲು ಸಿಗದ ಕಾಲು; ಹೊರಗೆ ಗೆಳತಿಯರ ಕುಂಟಾಟದ ಗದ್ದಲ.

ನಮ್ಮ ಅಟ್ಟದಲ್ಲಿ ಬೂದು ಬೆಕ್ಕೊಂದು ಮರಿ ಹಾಕಿತ್ತು. ಒಂದು ಬೆಳಿಗ್ಗೆ ಅದು ಮರಿಗಳನ್ನು ಒಂದೊಂದಾಗಿ ಕಚ್ಚಿಕೊಂಡು ಕಿಟಕಿಯಿಂದ ಬೇರೆಡೆ ಒಯ್ಯುತ್ತಿದ್ದಾಗ, ತಿಳಿಯದೆ ಅವ್ವ ಕಿಟಕಿ ಮುಚ್ಚಿದಳು. ಒಂದು ಮರಿ ಒಳಗೇ ಉಳಿಯಿತು. ಸಂಜೆ ಅದರ ಅಳು ಕೇಳಿ ಇಳಿಸಿ ನನ್ನ ಮಡಿಲಿಗೆ ಹಾಕಿದಳು. ಕಣ್ಣು ಇನ್ನೂ ಪೂರ್ತಿ ಬಿಟ್ಟಿರಲಿಲ್ಲ.

"ತಾಯಿ ಬಂದ್ರ ಲಗೂನ ಕಿಡಕಿ ತಗಿ. ಅಲ್ಲೀತನಕ ನೀನ ಇದರ ಅವ್ವ," ಎಂದಳು.

ಅವಳು ಥರ್ಮಾಸಿನಲ್ಲಿ ಇಟ್ಟುಹೋದ ನೀರುಹಾಲಿಗೆ ಹತ್ತಿಬತ್ತಿ ಅದ್ದಿ ಬಾಯಿಗೆ ಹಿಡಿಯುತ್ತಿದ್ದೆ. ಆಮೇಲೆ ಒದ್ದೆ ಅರಿವೆಯಿಂದ ಹೊಟ್ಟೆಯ ಕೆಳಗೆ ಒರೆಸಿದರೆ ಉಚ್ಚೆ ಹೊಯ್ಯುತ್ತಿತ್ತು. ತಾಯಿ ನೆಕ್ಕುವುದು ಅದಕ್ಕೇ ಎಂದು ಅವ್ವ ಹೇಳಿಕೊಟ್ಟಿದ್ದಳು. ಹಾಲಿನ ವಾಸನೆಯ ಆ ಮುಷ್ಟಿಯಷ್ಟು ಜೀವ ನನ್ನ ಕುತ್ತಿಗೆಯ ಸಂದಿಯಲ್ಲಿ ಮಲಗಿದಾಗ ಮಾತ್ರ ಕೋಣೆ ಜೈಲೆನಿಸುತ್ತಿರಲಿಲ್ಲ.

ಮರುದಿನ ಮಧ್ಯಾಹ್ನವೇ ತಾಯಿ ಬಂತು. ಕಿಟಕಿಯಾಚೆ ಕುಳಿತು ಕೂಗಿತು. ಮರಿ ನಡುಗುತ್ತ ಓಗೊಟ್ಟಿತು. ಕೈಚಾಚಿದ್ದರೆ ಕಿಟಕಿ ನನಗೆ ಎಟಕುತ್ತಿತ್ತು. ಚಾಚಲಿಲ್ಲ. ಮರಿಯನ್ನು ಕೌದಿಯೊಳಗೆ ಎಳೆದುಕೊಂಡೆ. ಇದೂ ಹೋದರೆ ನನಗೆ ಯಾರು? ಮೂರು ದಿನ ಹೀಗೇ. ಅವ್ವ ಕೇಳಿದಾಗೆಲ್ಲ "ಬಂದಿಲ್ಲ" ಎಂದೆ.

ನಾಲ್ಕನೆಯ ದಿನ ಮರಿ ಬತ್ತಿಗೆ ಬಾಯಿ ತೆರೆಯಲಿಲ್ಲ. ಮೈ ತಣ್ಣಗಾಗಿತ್ತು. ಯಾರನ್ನು ಕರೆಯಲಿ, ಬಾಗಿಲಿಗೆ ಚಿಲಕ. ಬೆಕ್ಕಿನ ಕೂಗು ಕೇಳಿದ್ದೇ ತಡ ಕಿಟಕಿ ತಳ್ಳಿದೆ. ಘಾಟು ನುಗ್ಗಿತು. ಬೆಕ್ಕು ಸರಳುಗಳ ನಡುವೆ ನುಸುಳಿ ನನ್ನ ಪ್ಲಾಸ್ಟರಿನ ಮೇಲೇ ಹಾರಿತು. ಮರಿಯನ್ನು ನೆಕ್ಕಿ ನೆಕ್ಕಿ, ಕತ್ತು ಕಚ್ಚಿಕೊಂಡು ಹೋಯಿತು. ಕೆಮ್ಮುತ್ತ, ಅಳುತ್ತ ಕುಳಿತೆ.

ಸಂಜೆ ಅವ್ವ ಬಂದು ತೆರೆದ ಕಿಟಕಿ, ನನ್ನ ಖಾಲಿ ಮಡಿಲು ನೋಡಿದಳು. ಖಾರದ ಕೈ ಕೆನ್ನೆಗೆ ತಾಗಬಾರದೆಂದು ಮೊಣಕೈಯಿಂದಲೇ ನನ್ನ ತಲೆ ಒತ್ತಿಕೊಂಡಳು.

"ಯಾವಾಗ ಬಂದಿತ್ತು?"

"ಇವತ್ತ."

"ಬಂದ ಕೂಡ್ಲೆ ಕೊಟ್ಟಿ. ಶಾಣ್ಯಾಕಿ ಅದಿ, ನನ್ನವ್ವ."

ಪ್ಲಾಸ್ಟರ್ ಬಿಚ್ಚಿದ ಮೇಲೆ ಓಣಿಯ ಮಾಳಿಗೆಗಳನ್ನೆಲ್ಲ ಹುಡುಕಿದೆ. ಆ ಮರಿ ಬದುಕಿತೋ ಇಲ್ಲವೋ, ತಿಳಿಯಲೇ ಇಲ್ಲ. ಅವ್ವ ತೀರಿಕೊಂಡು ನಾಲ್ಕು ವರ್ಷವಾಯಿತು. ನಿಜ ಹೇಳಿ ಬೈಸಿಕೊಳ್ಳೋಣವೆಂದರೆ, ನನ್ನನ್ನು ಬೈಯುವವರು ಈಗ ಯಾರೂ ಉಳಿದಿಲ್ಲ.