ಯಾರದ್ದೋ ರತ್ನಗಂಬಳಿ

ಇವತ್ತು ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ ಬಂದೆ. ಕೊಟ್ಟಿಗೆ ಗುಡಿಸಿದೆ. ರಾಗಿ ಹಸನು ಮಾಡಿ ಮಿಲ್ಲಿಗೆ ಕಳಿಸಿದೆ. ಯುಗಾದಿ ಹತ್ತಿರ ಬಂತಲ್ಲ, ಅಟ್ಟದ ಪಾತ್ರೆಗಳನ್ನೆಲ್ಲ ಇಳಿಸಿ ಹುಣಸೆಹಣ್ಣು ಹಾಕಿ ತಿಕ್ಕಿದೆ. ಕೊನೆಗೆ ನಡುಮನೆಯ ರತ್ನಗಂಬಳಿಯನ್ನು ಅಂಗಳಕ್ಕೆ ಹೊತ್ತೊಯ್ದು, ಬೋರಲು ಹಾಸಿ, ಬಿದಿರುಕೋಲಿನಿಂದ ಬೆನ್ನಿಗೊಂದು ಏಟು ಕೊಟ್ಟೆ. ಕೆಂಪು ದೂಳು ಭುಸ್ಸೆಂದು ಎದ್ದಿತು. ಅದರ ಹಿಂದೆಯೇ ಅಂಟುವಾಳಕಾಯಿಯ ವಾಸನೆ... ಯಾವ ಕಾಲದಲ್ಲಿ ತೊಳೆದದ್ದು, ಇನ್ನೂ ಉಣ್ಣೆಯೊಳಗೆ ಕೂತಿದೆ. ಕೋಲು ಹಿಡಿದುಕೊಂಡೇ ಜಗಲಿಯ ಮೇಲೆ ಕೂತುಬಿಟ್ಟೆ.

ಶ್ರೀನಿವಾಸಪುರದಲ್ಲಿ ನಮ್ಮ ತವರುಮನೆಯ ಹಿತ್ತಿಲಿಗೆ ಅಂಟಿಕೊಂಡ ಹಾಗೆ ಅದನ್ನು ತೊಳೆಯುತ್ತಿದ್ದವರ ಮನೆ. ಬೀದಿಯವರಿಗೆ ಅವರು ಜಮಖಾನದಕ್ಕ, ನನಗೆ ಬರೀ ಅಕ್ಕ. ಜಮಖಾನ, ಕಂಬಳಿ, ರತ್ನಗಂಬಳಿ ತೊಳೆದು ಕೊಡುವುದೇ ಅವರ ಕಸುಬು. ಮಾವಿನ ಕಾಲ ಬಂತೆಂದರೆ ಮಂಡಿಗೆ ಓಡಾಡುವ ಲಾರಿ, ಟ್ರಾಕ್ಟರುಗಳ ದೂಳಿಗೆ ನಮ್ಮೂರಿನಲ್ಲಿ ಬಿಳಿ ಬಟ್ಟೆಯೆಂಬುದೇ ಇರುತ್ತಿರಲಿಲ್ಲ. ಸುತ್ತಲ ಹಳ್ಳಿಗಳಿಂದಲೂ ಬಸ್ಸಿನ ಟಾಪಿನ ಮೇಲೆ ಸುರುಳಿ ಸುತ್ತಿದ ಜಮಖಾನಗಳು ಅಕ್ಕನ ಮನೆಗೆ ಬರುತ್ತಿದ್ದವು.

ಅಕ್ಕ ಯಾವುದಕ್ಕೂ ತಟ್ಟನೆ ನೀರು ಮುಟ್ಟಿಸುತ್ತಿರಲಿಲ್ಲ. ಬಿಸಿಲಿಗೆ ಬೋರಲು ಹಾಸಿ, ಮೂಗಿಗೆ ಸೆರಗು ಕಟ್ಟಿಕೊಂಡು, ಬೆನ್ನಿನ ಕಡೆಯಿಂದ ಸಣ್ಣಗೆ ತಟ್ಟುತ್ತ ಹೋಗುವರು. ಎತ್ತಿ ನೋಡಿದರೆ ಕೆಳಗೆ ನುಣ್ಣನೆಯ ಮಣ್ಣಿನ ರಂಗೋಲಿ.

“ಮೊದ್ಲು ಮಣ್ ಬುಡಿಸ್ಬೇಕು ಕಣೇ. ಮಣ್ಣಿರೋ ಗಂಬ್ಳಿಗೆ ನೀರ್ ಉಯ್ದ್ರೆ ಗೋಡೆ ಕಟ್ದಂಗಾಯ್ತದೆ,” ಎಂದು ನಗುವರು. ನಗುವಿನ ಹಿಂದೆಯೇ ಕೆಮ್ಮು. ಮೂರು ಸಲ ಒಣಕೆಮ್ಮು ಕೆಮ್ಮಿ ಕೊನೆಗೊಂದು ಸೀಟಿ ಹೊಡೆದಂತೆ ಉಸಿರೆಳೆಯುತ್ತಿದ್ದರು. ಬೀದಿಯ ಆ ತುದಿಯಲ್ಲಿ ಕೇಳಿದರೂ ಇದು ಅಕ್ಕನ ಕೆಮ್ಮೆಂದು ಗೊತ್ತಾಗುತ್ತಿತ್ತು. “ಊರೋರ್ ದೂಳೆಲ್ಲಾ ನನ್ನೆದೇಲೇ ಮನೆ ಮಾಡೈತೆ, ಬಾಡ್ಗೆ ಮಾತ್ರ ಯಾರೂ ಕೊಡಲ್ಲ,” ಎನ್ನುವರು.

ನನಗೆ ಎರಡು ಸಂಬಂಧ ಬಂದು ತಪ್ಪಿಹೋಗಿದ್ದವು. ಮೂರನೆಯದು ವಕ್ಕಲೇರಿಯದು. ಇದೂ ಹೋದರೆ ಅಮ್ಮ ಹಾಸಿಗೆ ಹಿಡಿಯುತ್ತಾರೆಂದು ಮನೆಯವರಿಗೆಲ್ಲ ಭಯ. ನಮ್ಮ ಜಮಖಾನವನ್ನು ಮುಂಚೆಯೇ ಅಕ್ಕನಿಗೆ ಕೊಟ್ಟಿದ್ದೆವು. ಆದರೆ ಅವರು ನೋಡಲು ಬರುವ ಹಿಂದಿನ ರಾತ್ರಿ ಕಾಲವಲ್ಲದ ಕಾಲದಲ್ಲಿ ಮಳೆ ಬಿದ್ದು, ಒಣಗಿದ್ದೂ ನೆನೆದು ತೊಪ್ಪೆಯಾಯಿತು. ಗಂಡಿನ ಕಡೆಯವರು ಬರುವ ಹೊತ್ತಾದರೂ ನಡುಮನೆಯ ಕಿತ್ತುಹೋದ ಗಾರೆ ನೆಲ ಹಾಗೇ ಇತ್ತು.

ಅಕ್ಕ ಹಿತ್ತಿಲ ಬಾಗಿಲಿನಿಂದ ಒಂದು ದೊಡ್ಡ ಸುರುಳಿ ಹೊತ್ತು ತಂದರು. ಬಿಚ್ಚಿ ಹಾಸಿದರೆ ನೇರಳೆಹಣ್ಣಿನ ಬಣ್ಣದ ರತ್ನಗಂಬಳಿ, ಅಂಚಿನ ತುಂಬ ನವಿಲು.

“ಬೇರೇರ್ ವಸ್ತು ಅಕ್ಕಾ, ಬ್ಯಾಡ,” ಎಂದರು ಅಮ್ಮ.

“ಊರ್ಕೋಮ್ಮಾ, ಸುಮ್ನಿರು. ಬತ್ತಾರೆ, ಕಾಫಿ ಕುಡೀತಾರೆ, ಓಯ್ತಾರೆ. ಯಲ್ದೂರೋರ್ದು, ನಾಳೆ ಬಸ್ಸಿಗ್ ಆಕ್ತೀನಿ. ಗಂಬ್ಳಿಗೇನ್ ಬಾಯೈತಾ, ಓಗಿ ಯೋಳಕ್ಕೆ?”

ಒಂದು ಮೂಲೆಯಲ್ಲಿ ಕೆಂಡ ಬಿದ್ದು ಸುಟ್ಟ ಕಲೆಯಿತ್ತು. ಅದನ್ನು ಮಡಿಚಿ ಮಂಚದ ಕಾಲಿನ ಕೆಳಗೆ ಸೇರಿಸಿ, ಅಕ್ಕ ಅಡುಗೆಮನೆ ಸೇರಿಕೊಂಡರು.

ಗಂಡಿನ ಕಡೆಯವರು ಬಂದರು. ನಾನು ಕಾಫಿ ತಂದು ಕೊಟ್ಟೆ. ಹುಡುಗನ ಸೋದರತ್ತೆ ಗಟ್ಟಿ ದನಿಯ ಹೆಂಗಸು; ಲೋಟ ಕೈಯಲ್ಲಿ ಹಿಡಿದುಕೊಂಡು, “ನಾನು ಯಲ್ದೂರಿಂದ ಬಂದೆ, ಬಸ್ಸು ಲೇಟು,” ಎಂದರು. ಅಮ್ಮನ ಮುಖ ಬಿಳಿಚಿಕೊಂಡಿತು. ಸೋದರತ್ತೆಯ ಕೈ ಗಂಬಳಿಯ ಮೇಲೆ ಹಾಗೇ ಸವರುತ್ತ ಹೋಗಿ, ಮಂಚದ ಕಾಲಿನ ಹತ್ತಿರ ನಿಂತು, ಮಡಿಚಿದ್ದ ಮೂಲೆಯನ್ನು ಎಳೆದು ಬಿಡಿಸಿತು. ಹೆಬ್ಬೆರಳು ಸುಟ್ಟ ಕಲೆಯ ಮೇಲೆ ಕೂತಿತು.

“ಗಂಬ್ಳಿ ಚೆನ್ನಾಗೈತೆ. ಎಲ್ ತಗಂಡ್ರಿ ಪಾಪಾ?” ಎಂದು ನನ್ನನ್ನೇ ಕೇಳಿದರು.

ಅಪ್ಪ ಗೋಡೆ ನೋಡುತ್ತ ಕೂತರು. ಯಲ್ದೂರಿನ ಮಾತು ಕೇಳಿಯೂ ನನಗೆ ಏನೂ ಹೊಳೆದಿರಲಿಲ್ಲ. “ನಮ್ದಲ್ಲಮ್ಮ. ನಮ್ ಜಮಖಾನ ಮಳೇಲಿ ನೆಂದೋಯ್ತು. ಯಾರದ್ದೋ ಏನೋ... ಕಾಫಿ ಚೆಲ್ದಂಗೆ ನೋಡ್ಕೊಳಿ,” ಎಂದುಬಿಟ್ಟೆ.

ಹುಡುಗ ಗಂಬಳಿಯ ಮೇಲಿಟ್ಟಿದ್ದ ತನ್ನ ಲೋಟವನ್ನು ಮೆಲ್ಲಗೆ ಎತ್ತಿ ಬರಿ ನೆಲದ ಮೇಲಿಟ್ಟ. ಅಷ್ಟು ಹೊತ್ತಿಗೆ ಅಡುಗೆಮನೆಯಿಂದ ಬಂತು ನೋಡಿ, ಸೆರಗು ಬಾಯಿಗೆ ತುರುಕಿಕೊಂಡರೂ ನಿಲ್ಲದ ಕೆಮ್ಮು. ಒಣಕೆಮ್ಮು ಮೂರು, ಆಮೇಲೆ ಸೀಟಿ.

“ಆ ಕೆಮ್ಮು ನಂಗೊತ್ತು. ಬಾರಮ್ಮ ಈಚೆಗೆ,” ಎಂದರು ಸೋದರತ್ತೆ.

ಅಕ್ಕ ಬಂದು ಬಾಗಿಲಲ್ಲಿ ನಿಂತು ಕೈ ಮುಗಿದರು. ಒಬ್ಬ ಗಿರಾಕಿ ಬಾಯಿ ಮಾಡಿದರೆ ಆಮೇಲೆ ಯಾರೂ ಅವರ ಕೈಗೆ ಗಂಬಳಿ ಕೊಡುತ್ತಿರಲಿಲ್ಲ, ಅದು ಅವರಿಗೂ ಗೊತ್ತು. ಆದರೆ ಆಡಿದ ಮಾತು ಬೇರೆ. “ತಪ್ಪೆಲ್ಲಾ ನಂದೇ ತಾಯೀ. ಇನ್ಮ್ಯಾಕೆ ನಂಗ್ ಗಂಬ್ಳಿ ಕೊಡ್ಬ್ಯಾಡಿ, ಬ್ಯಾರೇರ್ಗೂ ಯೋಳಿ. ಸಂಬಂಧ ಮಾತ್ರ ಬುಡ್ಬ್ಯಾಡಿ. ಹುಡ್ಗಿ ಒಳ್ಳೇವ್ಳು.”

ಸೋದರತ್ತೆ ಅಕ್ಕನನ್ನು ನೋಡಿದರು. ಆಮೇಲೆ ನನ್ನನ್ನು. ಮೊದಲು ಅವರ ಹೊಟ್ಟೆ ಅಲುಗಿತು, ಆಮೇಲೆ ನಗು ಹೊರಗೆ ಬಂತು. “ನನ್ ಗಂಬ್ಳಿ ಮ್ಯಾಲೆ ಕಾಫಿ ಚೆಲ್ಬ್ಯಾಡ ಅಂತ ನಂಗೇ ಯೋಳ್ತಾಳೆ! ಇಂಥ ಸೊಸೆ ಇನ್ನೆಲ್ ಸಿಕ್ತಾಳ್ರೋ?” ಎಂದು ತಮ್ಮವರ ಕಡೆ ತಿರುಗಿದರು. ಅಕ್ಕನಿಗೆ, “ಮುಂದಿನ್ ಸಲ ಕೇಳಿ ಹಾಸಮ್ಮ. ದೂಳ್ ಕೂತು ನವಿಲಿಗೆ ಕಣ್ಣಿತ್ತು ಅನ್ನೋದೇ ಮರೆತೋಗಿತ್ತು ನಂಗೆ,” ಎಂದರು.

ಮದುವೆಗೆ ಸೋದರತ್ತೆ ಕೊಟ್ಟ ಉಡುಗೊರೆ ಆ ಗಂಬಳಿಯೇ. ಆಮೇಲೆ ಪ್ರತಿ ವರ್ಷ ಯುಗಾದಿಗೆ ಮುಂಚೆ ಅದನ್ನು ಬಸ್ಸಿನಲ್ಲಿ ಹಾಕಿಕೊಂಡು ತವರಿಗೆ ಹೋಗುತ್ತಿದ್ದೆ. ಅಕ್ಕ ನನಗಿಂತ ಮುಂಚೆ ಗಂಬಳಿಯನ್ನೇ ಮಾತಾಡಿಸುವರು. “ಬಂದ್ಯೇನ್ಲಾ, ಮದ್ವೆ ದಲ್ಲಾಳಿ!” ಅಂಟುವಾಳದ ನೊರೆ ಹಾಕಿ, ತೆಂಗಿನನಾರಿನಿಂದ ಉಣ್ಣೆಯ ಎಳೆ ಮಲಗಿದ ದಿಕ್ಕಿಗೇ ತಿಕ್ಕಿ, ಚಪ್ಪಡಿಯ ಮೇಲೆ ಬೋರಲು ಒಣಗಿಸಿ ಕೊಡುವರು. ವರ್ಷವರ್ಷವೂ ಕೆಮ್ಮು ಉದ್ದವಾಗುತ್ತ ಹೋಯಿತು. ಬಿಟ್ಟುಬಿಡಿ ಅಕ್ಕಾ ಎಂದರೆ, ನಿಂದೊಂದ್ ಇರ್ಲಿ ಬುಡು, ಎನ್ನುತ್ತಿದ್ದರು...

ಒಂದು ವರ್ಷ ಗಂಬಳಿ ಕೊಟ್ಟು ಬಂದ ಮೇಲೆ, ವಾಪಸು ತಂದವಳು ಅಕ್ಕನ ಮಗಳು. ದೂಳು ಪೂರ್ತಿ ತಟ್ಟಿ ಆಗಿತ್ತು. ಒಳಗೆ ಬೇವಿನ ಸೊಪ್ಪು ಹಾಕಿ ಮಡಿಚಿ ಇಟ್ಟಿತ್ತು. ತೊಳೆದಿರಲಿಲ್ಲ. “ನೀರ್ ಹಾಕೋ ಹೊತ್ಗೆ ಅಮ್ಮ...” ಎಂದು ಆ ಹುಡುಗಿ ಬಾಗಿಲಲ್ಲೇ ನಿಂತಳು. ನಾನು ಒಳಗೆ ಕರೆದು ಕೂರಿಸಿದೆ.

ಅಲ್ಲಿಂದೀಚೆಗೆ ವರ್ಷಕ್ಕೊಮ್ಮೆ ದೂಳು ತಟ್ಟಿ ಒಳಗಿಡುತ್ತಿದ್ದೆ, ಅಷ್ಟೆ. ಕೋಲಾರದಲ್ಲಿ ಮಿಷನ್ನಿನಲ್ಲಿ ತೊಳೆದು ಪ್ಲಾಸ್ಟಿಕ್ ಕವರಿನಲ್ಲಿ ಕೊಡುತ್ತಾರಂತೆ. ಕೊಡಲು ಮನಸ್ಸು ಬರಲಿಲ್ಲ, ನಾನೇ ತೊಳೆಯಲೂ ಕೈ ಬರಲಿಲ್ಲ. ಇವತ್ತು ಯಾಕೋ ಜಗಲಿಯಿಂದ ಎದ್ದು ಅಂಟುವಾಳ ನೆನೆಹಾಕಿದೆ. ಮಣ್ಣು ಬಿಡುವ ತನಕ ತಟ್ಟಿದೆ. ಆಮೇಲೆ ಅಕ್ಕ ಉಳಿಸಿಹೋದ ಅರ್ಧ ಕೆಲಸವನ್ನು ಮುಗಿಸಿದೆ. ಅವರಷ್ಟು ಚೆನ್ನಾಗಿ ಬರಲಿಲ್ಲ. ನವಿಲಿನ ಕಣ್ಣು ಮಾತ್ರ ಕಂಡಿತು.

ಸಂಜೆಗೆ ಇವರು ಬಂದರು. ಕಾಫಿ ಕುಡಿಯುತ್ತ ಕೂತವರು, ಹೆಣ್ಣು ನೋಡಲು ಬಂದ ದಿನದ ಹಾಗೇ, ಲೋಟವನ್ನು ದೂರ ಸರಿಸಿ ಗೋಡೆಯ ಅಂಚಿನಲ್ಲಿಟ್ಟರು. ಗಂಬಳಿ ಅಂಗಳದ ಚಪ್ಪಡಿಯ ಮೇಲಿತ್ತು. ನಡುಮನೆಯಲ್ಲಿ ಬರಿ ನೆಲ.

ರಾತ್ರಿಗೆ ಮುದ್ದೆ, ಮಸೊಪ್ಪು, ಒಂದೊಂದು ಈರುಳ್ಳಿ. ಮಳೆ ಬರುವ ಹಾಗಿದೆಯೇ ಎಂದು ಹೊರಗೆ ಹೋಗಿ ನೋಡಿ ಬರುವಷ್ಟರಲ್ಲಿ ಇವರಿಗೆ ನಿದ್ದೆ ಹತ್ತಿತ್ತು.